ತಕದನೊಬಾಬಾದಲ್ಲಿ ಒಳ್ಳೆಯ ರಾಮೆನ್ ಅಂಗಡಿಯನ್ನು ಹುಡುಕುವುದು ಹೇಗೆ?

ಟೋಕಿಯೊ ನಗರವನ್ನು ಸುತ್ತುವ ಯಾಮನೊತೆ ರೈಲು ಮಾರ್ಗದಲ್ಲಿ ಶಿಂಜುಕುವಿನಿಂದ ಉತ್ತರಕ್ಕೆ ಹೊರಟರೆ ಎರಡನೆಯದಾಗಿ ಸಿಗುವ ನಿಲ್ದಾಣ ತಕದನೊಬಾಬಾ. ಜಪಾನನ್ನು ಆಳುತ್ತಿದ್ದ ತೊಕುಗಾವ ವಂಶದ ಮೂರನೆಯ ಶೋಗನ್, ಅಂದರೆ ಸೇನಾಡಳಿತಗಾರ, ಆಗಿದ್ದ ಇಎಮಿತ್ಸು 1636ರಲ್ಲಿ ಕುದುರೆ ಸವಾರಿಯ ಅಭ್ಯಾಸಕ್ಕೆಂದು ಇಲ್ಲಿ ಮೈದಾನವೊಂದನ್ನು ಮಾಡಿಸಿದ್ದನು. ಊರ ಹೆಸರಿನ ಕೊನೆಗಿರುವ ‘ಬಾಬಾ’ ಎಂಬ ಮಾತಿಗೆ ಕುದುರೆ ಮೈದಾನವೆಂದೇ ಅರ್ಥ. ಇಂದು ಅಲ್ಲಿ ಓಟವೇನಿದ್ದರೂ ರಾಮೆನ್, ಅಂದರೆ ಸಾಮಾನ್ಯವಾಗಿ ಬಿಸಿ ಸೂಪಿನಲ್ಲಿ ಕೊಡುವ ಜಪಾನಿ ನೂಡಲ್ಸ್, ಮಾರುವ ಅಂಗಡಿಗಳ ನಡುವಿನದು. ಒಂದೇ ಬಡಾವಣೆಯಲ್ಲಿ ರಾಮೆನ್ ಅಂಗಡಿಗಳು ದಟ್ಟವಾಗಿ ಸೇರಿಕೊಂಡು ಗಿರಾಕಿಗಳಿಗಾಗಿ ಪೈಪೋಟಿ ನಡೆಸುವ ಜಾಗವನ್ನು ಜಪಾನೀಯರು ‘ಗೆಕಿಸೆಂಕು’, ಅಂದರೆ ಘೋರ ಕದನದ ವಲಯ, ಎಂದು ಕರೆಯುತ್ತಾರೆ. ತಕದನೊಬಾಬಾ ಅಂಥ ವಲಯಗಳಲ್ಲಿ ಮುಂಚೂಣಿಯದು. 1882ರಲ್ಲಿ ಸ್ಥಾಪನೆಯಾದ ವಾಸೆದಾ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಯಾಮನೊತೆ, ತೋಜಾಯ್ ಮತ್ತು ಸೇಬು ಶಿಂಜುಕು ಎಂಬ ಮೂರು ರೈಲು ಮಾರ್ಗಗಳು ನಿಲ್ದಾಣದಲ್ಲಿ ಕೂಡುತ್ತವೆ. ಹಸಿದ, ಕೈಯಲ್ಲಿ ಹೆಚ್ಚು ಹಣವಿಲ್ಲದ, ಆದರೆ ರುಚಿಯ ವಿಷಯದಲ್ಲಿ ಸುಲಭವಾಗಿ ಒಪ್ಪದ ಸಾವಿರಾರು ವಿದ್ಯಾರ್ಥಿಗಳು ದಿನವೂ ಓಡಾಡುವ ಬೀದಿಯಲ್ಲಿ ಸಾಧಾರಣ ಅಂಗಡಿ ಬಹಳ ಕಾಲ ನಿಲ್ಲುವುದು ಕಷ್ಟ.

ನಮ್ಮವರಿಗೂ ಈ ಬಡಾವಣೆ ದೂರದ್ದಲ್ಲ. ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯಿ ನಿಲ್ದಾಣವೂ ತೋಜಾಯ್ ಮಾರ್ಗದಲ್ಲೇ ಇರುವುದರಿಂದ, ಅಲ್ಲಿರುವ ಕನ್ನಡಿಗರು ರೈಲು ಬದಲಾಯಿಸದೆ ನೇರವಾಗಿ ತಕದನೊಬಾಬಾಕ್ಕೆ ಬಂದಿಳಿಯಬಹುದು. ಬಂದಿಳಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ಇಲ್ಲಿ ಎಲ್ಲಕ್ಕಿಂತ ಒಳ್ಳೆಯ ರಾಮೆನ್ ಎಲ್ಲಿ ಸಿಗುತ್ತದೆ ಎಂಬುದು. ಈ ಪ್ರಶ್ನೆಯನ್ನು ಇನ್ನೊಂದು ಪ್ರಶ್ನೆಯಿಂದ ಪೂರ್ತಿ ಮಾಡಿಕೊಳ್ಳದೆ ಹುಡುಕಾಟಕ್ಕೆ ಇಳಿಯಬಾರದು: ಯಾವ ಬಗೆಯ ರಾಮೆನ್?

ಮೊದಲು ಬಟ್ಟಲನ್ನು ಆರಿಸಿಕೊಳ್ಳಿ

ರಾಮೆನ್ ಎಂಬುದು ಒಂದೇ ತಿನಿಸಿನ ಹೆಸರಲ್ಲ. ಬಟ್ಟಲಿನ ತಳಕ್ಕೆ ‘ತಾರೆ’ ಎಂಬ ಗಟ್ಟಿ ರುಚಿದ್ರವವನ್ನು ಹಾಕಿ, ಅದರ ಮೇಲೆ ಮೂಳೆ, ಕೋಳಿ, ಒಣಮೀನು, ಕಡಲಸಸ್ಯ ಮುಂತಾದವುಗಳನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಸೂಪನ್ನು ಸುರಿದು, ಪರಿಮಳದ ಎಣ್ಣೆಯನ್ನು ತೇಲಿಸಿ, ಬೇಯಿಸಿದ ನೂಡಲ್ಸ್ ಇಳಿಸುತ್ತಾರೆ. ತಾರೆ ಸೋಯಾ ಸಾಸಿನದಾದರೆ ಅದು ಶೋಯು ರಾಮೆನ್, ಉಪ್ಪಿನದಾದರೆ ಶಿಯೊ, ಹುದುಗಿಸಿದ ಸೋಯಾ ಹಿಟ್ಟಿನದಾದರೆ ಮಿಸೊ. ‘ತೊಂಕೊತ್ಸು’ ಎಂಬ ಹೆಸರು ಮಾತ್ರ ಸೂಪಿನಿಂದ ಬಂದದ್ದು. ಹಂದಿಯ ಮೂಳೆಯನ್ನು ಜೋರಾಗಿ ಕುದಿಸಿದಾಗ ಮಜ್ಜೆ ಮತ್ತು ಕೊಬ್ಬು ನೀರಿನೊಳಗೆ ಬೆರೆತು ಸೂಪು ಹಾಲಿನಂತೆ ಬೆಳ್ಳಗಾಗುತ್ತದೆ. ನೂಡಲ್ಸನ್ನು ಬೇರೆಯಾಗಿ ಕೊಟ್ಟು ಗಟ್ಟಿ ಸೂಪಿನಲ್ಲಿ ಅದ್ದಿ ತಿನ್ನಿಸುವ ತ್ಸುಕೆಮೆನ್ ಇದೆ. ಸೂಪೇ ಇಲ್ಲದೆ ಎಣ್ಣೆ ಮತ್ತು ತಾರೆಯಲ್ಲಿ ಕಲಸಿಕೊಂಡು ತಿನ್ನುವ ಅಬುರಾಸೊಬಾ ಕೂಡ ಇದ್ದು, ಅದನ್ನು ಮಾಡುವ ಹಲವು ಅಂಗಡಿಗಳು ವಾಸೆದಾ ಸುತ್ತಮುತ್ತ ಇವೆ.

ಈ ವಿಂಗಡಣೆ ತಕದನೊಬಾಬಾದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಕೆಲವು ಹೆಸರುಗಳಿಂದಲೇ ತಿಳಿಯಬಹುದು. 2002ರಲ್ಲಿ ತೆರೆದ ‘ವತನಾಬೆ’ ಹಂದಿಮೂಳೆಯ ಸೂಪಿಗೆ ಒಣಮೀನಿನ ಸಾರವನ್ನು ಕೂಡಿಸಿದ ದಟ್ಟ ಬಟ್ಟಲಿಗೆ ಹೆಸರಾಗಿದೆ. 2013ರಲ್ಲಿ ತೆರೆದ ‘ಯಮಗುಚಿ’ ಅದಕ್ಕೆ ತೀರಾ ವಿರುದ್ಧ; ಅಲ್ಲಿ ಕೋಳಿಯ ತಿಳಿಸೂಪು, ನುಣುಪಾದ ನೂಡಲ್ಸ್. ‘ಜುನ್‌ರೆನ್’ ಉತ್ತರದ ಸಪ್ಪೊರೊ ನಗರದ ಮಿಸೊ ಶೈಲಿಯದು. ಅದರಲ್ಲಿ ಸೂಪಿನ ಮೇಲೆ ಹಂದಿಕೊಬ್ಬಿನ ಪದರವೊಂದು ಮುಚ್ಚಳದಂತೆ ನಿಂತು ಶಾಖವನ್ನು ಹಿಡಿದಿಡುತ್ತದೆ. ಆವಿ ಕಾಣುವುದಿಲ್ಲವೆಂದು ಆತುರಪಟ್ಟು ಹೀರಿದವರ ನಾಲಿಗೆ ಸುಟ್ಟೀತು. ‘ರಾಮೆನ್ ಜಿರೊ’ದ ಶಾಖೆಯಲ್ಲಿ ಚಿಕ್ಕದೆಂದು ಕೇಳಿದರೂ ಬರುವ ನೂಡಲ್ಸ್ ಬೇರೆ ಅಂಗಡಿಗಳ ಎರಡು ಪಾಲಿನಷ್ಟಿದ್ದು, ಅದರ ಮೇಲೆ ಎಲೆಕೋಸು ಮತ್ತು ಮೊಳಕೆಕಾಳು ಗುಡ್ಡದಂತೆ ನಿಂತಿರುತ್ತದೆ. ಈ ನಾಲ್ಕರಲ್ಲಿ ಯಾವುದು ಮೇಲು ಎಂದು ಕೇಳುವುದು, ಬಿಸಿಬೇಳೆಬಾತ್ ಮೇಲೋ ತಿಳಿಸಾರು ಮೇಲೋ ಎಂದು ಕೇಳಿದ ಹಾಗೆ. ಟೋಕಿಯೊಗೆ ಹೋದ ಮೊದಲ ಬಾರಿ ನಾನು ಅಂಕಗಳ ಪಟ್ಟಿಯ ತುದಿಯಲ್ಲಿದ್ದ ಅಂಗಡಿಯೊಂದರ ಮುಂದೆ ಒಂದು ಗಂಟೆ ಕಾದು ತಿಂದೆ. ಬಟ್ಟಲು ಚೆನ್ನಾಗಿಯೇ ಇತ್ತು, ಆದರೆ ತಿಳಿಸೂಪನ್ನು ಇಷ್ಟಪಡುವ ನನಗೆ ಆ ದಟ್ಟ ಸೂಪನ್ನು ಅರ್ಧದ ಆಚೆಗೆ ಕುಡಿಯಲಾಗಲಿಲ್ಲ.

ಸಸ್ಯಾಹಾರಿಗಳು ಇದನ್ನು ಮೊದಲೇ ತಿಳಿದಿರಬೇಕು

ಮೇಲಿರುವ ಮಾಂಸದ ಹೋಳನ್ನು ತೆಗೆಸಿದ ಮಾತ್ರಕ್ಕೆ ರಾಮೆನ್ ಸಸ್ಯಾಹಾರವಾಗುವುದಿಲ್ಲ. ಸೂಪು ಮೂಳೆಯದು ಅಥವಾ ಮೀನಿನದು. ತಾರೆಯಲ್ಲೂ ಒಣಮೀನಿನ ಸಾರ ಇರುವುದು ಸಾಮಾನ್ಯ. ಪರಿಮಳದ ಎಣ್ಣೆ ಅನೇಕ ಕಡೆ ಹಂದಿಯ ಅಥವಾ ಕೋಳಿಯ ಕೊಬ್ಬು. ನೂಡಲ್ಸಿಗೆ ಮೊಟ್ಟೆ ಸೇರಿಸುವವರೂ ಇದ್ದಾರೆ. ಶಿಯೊ ಎಂದರೆ ಬರಿಯ ಉಪ್ಪು, ಮಿಸೊ ಎಂದರೆ ಬರಿಯ ಸೋಯಾ ಎಂದು ನಂಬಿ ಮೋಸಹೋಗುವವರು ಬಹಳ. ಸೂಪಿಲ್ಲದ ಅಬುರಾಸೊಬಾ ಕೂಡ ಈ ಕಾರಣಕ್ಕೆ ಸುರಕ್ಷಿತವಲ್ಲ. ಆದ್ದರಿಂದ ಸಸ್ಯಾಹಾರಿಗಳು ‘ವೀಗನ್’ ಎಂದು ಸ್ಪಷ್ಟವಾಗಿ ಬರೆದಿರುವ ಬಟ್ಟಲನ್ನೇ ಹುಡುಕಬೇಕು. ಟೋಕಿಯೊ ನಿಲ್ದಾಣದೊಳಗಿನ ‘ಟೀಸ್ ತಾನ್‌ತಾನ್’ ಪೂರ್ತಿ ಸಸ್ಯಮೂಲದ ರಾಮೆನ್ ಅಂಗಡಿ. ಅದು ಜೆಆರ್ (ಜಪಾನ್ ರೈಲ್ವೆ) ಟಿಕೆಟ್ ಗೇಟಿನ ಒಳಗಿರುವುದರಿಂದ, ಜೆಆರ್ ರೈಲಿನಲ್ಲಿ ಬಂದವರು ಹೊರಗೆ ಹೋಗದೆಯೇ ತಿಂದು ಪ್ರಯಾಣ ಮುಂದುವರಿಸಬಹುದು. ಯುಜು ಎಂಬ ನಿಂಬೆಜಾತಿಯ ಹಣ್ಣಿನ ಪರಿಮಳಕ್ಕೆ ಹೆಸರಾದ ‘ಅಫುರಿ’ ಅಂಗಡಿಗಳ ಪಟ್ಟಿಯಲ್ಲಿಯೂ ವೀಗನ್ ಬಟ್ಟಲು ಸೇರಿದೆ. ಮುಂದಿನ ಹಂತಗಳೆಲ್ಲವೂ ಇವರಿಗೂ ಅನ್ವಯಿಸುತ್ತವೆ, ಹುಡುಕುವ ಬಡಾವಣೆ ಮಾತ್ರ ಬೇರೆಯಾದೀತು.

ಅಂಕಗಳನ್ನು ಓದುವ ಬಗೆ

ಬಗೆ ನಿರ್ಧಾರವಾದ ಮೇಲೆ ಮೊಬೈಲನ್ನು ಕೈಗೆತ್ತಿಕೊಳ್ಳಬಹುದು. ಪ್ರವಾಸಿಗರು ಸಾಮಾನ್ಯವಾಗಿ ಗೂಗಲ್ ನಕ್ಷೆಯನ್ನಷ್ಟೇ ನೋಡುತ್ತಾರೆ, ಜಪಾನೀಯರು ‘ತಬೆಲಾಗ್’ ತಾಣವನ್ನು ನೋಡುತ್ತಾರೆ. ಎರಡರಲ್ಲೂ ಅಂಕ ಐದಕ್ಕೇ ಇದ್ದರೂ ಅಳತೆ ಒಂದೇ ಅಲ್ಲ. ತಬೆಲಾಗ್‌ನಲ್ಲಿ ಬರೆಯುವವರ ಅನುಭವಕ್ಕೆ ತಕ್ಕಂತೆ ಅವರ ಅಂಕಕ್ಕೆ ತೂಕ ಸಿಗುತ್ತದೆ, ಮತ್ತು ಅಲ್ಲಿ ಅಂಕ ಕೊಡುವವರ ಕೈ ಬಿಗಿ. ಹೀಗಾಗಿ 3ರ ಆಸುಪಾಸಿನ ಅಂಕ ಸಾಧಾರಣ ಅಂಗಡಿಯದು, 3.5 ದಾಟಿದ್ದು ಗಮನ ಕೊಡಬೇಕಾದದ್ದು, 3.7ರ ಮೇಲಿನದು ಸಾಲು ನಿಲ್ಲಲು ಸಿದ್ಧರಾಗಿ ಹೋಗಬೇಕಾದದ್ದು ಎಂದು ಇಟ್ಟುಕೊಳ್ಳಬಹುದು. ಗೂಗಲ್‌ನ ಅಳತೆಗೆ ಒಗ್ಗಿಕೊಂಡವರು 3.6 ಎಂಬ ಅಂಕ ನೋಡಿ ಒಳ್ಳೆಯ ಅಂಗಡಿಯೊಂದನ್ನು ಬಿಟ್ಟು ಮುಂದೆ ಹೋಗುವುದುಂಟು. ರಾಮೆನ್‌ಗೆಂದೇ ಮೀಸಲಾದ ‘ರಾಮೆನ್ ಡೇಟಾಬೇಸ್’ ತಾಣದಲ್ಲಿ ನೂರಕ್ಕೆ ಅಂಕ ಕೊಡುತ್ತಾರೆ. ಬಟ್ಟಲಿನ ಬಗೆಯನ್ನು ತಿಳಿಯಲು ನನಗೆ ಅದೇ ಹೆಚ್ಚು ಉಪಯುಕ್ತವೆನಿಸಿದೆ, ಏಕೆಂದರೆ ಅಲ್ಲಿ ಬರೆಯುವವರು ಯಾವ ಬಟ್ಟಲನ್ನು ತಿಂದರು, ಸೂಪು ಯಾವುದರದು, ನೂಡಲ್ಸ್ ದಪ್ಪವೋ ಸಣ್ಣವೋ ಎಂಬುದನ್ನು ನಿಷ್ಠೆಯಿಂದ ದಾಖಲಿಸುತ್ತಾರೆ.

ಹುಡುಕುವಾಗ ಬಡಾವಣೆಯ ಹೆಸರನ್ನೂ ರಾಮೆನ್ ಎಂಬ ಪದವನ್ನೂ ಜಪಾನಿ ಲಿಪಿಯಲ್ಲೇ ಹಾಕಿ. ಬೇರೆ ಲಿಪಿಯಲ್ಲಿ ಹಾಕಿದರೆ ಪ್ರವಾಸಿಗರು ಈಗಾಗಲೇ ಹೋಗಿಬಂದ ಅಂಗಡಿಗಳೇ ಮತ್ತೆ ಮತ್ತೆ ಮೇಲೆ ಬರುತ್ತವೆ. ವಿಮರ್ಶೆಗಳನ್ನು ಅನುವಾದದ ಆ್ಯಪಿನಲ್ಲಿ ಓದಿದರೂ ಸಾಕಷ್ಟು ತಿಳಿಯುತ್ತದೆ. ಆದರೆ ಕಳೆದ ಆರು ತಿಂಗಳಲ್ಲಿ ಬರೆದದ್ದನ್ನು ಮಾತ್ರ ಓದುವುದು ಒಳ್ಳೆಯದು. ರಾಮೆನ್ ಅಂಗಡಿಗಳು ಮುಚ್ಚುತ್ತವೆ, ಜಾಗ ಬದಲಿಸುತ್ತವೆ, ಅಡುಗೆಯವರು ಬದಲಾಗುತ್ತಾರೆ. ಈ ಲೇಖನದಲ್ಲಿ ಹೇಳಿರುವ ಹೆಸರುಗಳನ್ನೂ ಹೊರಡುವ ಮುನ್ನ ಹಾಗೆಯೇ ಪರಿಶೀಲಿಸಿಕೊಳ್ಳಬೇಕು.

ಪ್ರಶಸ್ತಿಗಳ ಬಗ್ಗೆ ಒಂದು ಮಾತು. ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಟ್ಟು ಗುರುತಿಸುವ ಮಿಶೆಲಿನ್ ಕೈಪಿಡಿಯ 2015ರ ಡಿಸೆಂಬರಿನಲ್ಲಿ ಪ್ರಕಟವಾದ ಆವೃತ್ತಿಯಲ್ಲಿ, ತಕದನೊಬಾಬಾದಿಂದ ನಾಲ್ಕು ನಿಲ್ದಾಣಗಳಾಚೆ ಸುಗಾಮೊದಲ್ಲಿದ್ದ ‘ತ್ಸುತಾ’ಗೆ ನಕ್ಷತ್ರ ಸಿಕ್ಕಿತು. ರಾಮೆನ್ ಅಂಗಡಿಯೊಂದಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಮರುವರ್ಷ ಓತ್ಸುಕಾದ ‘ನಾಕಿರ್ಯು’ವಿಗೂ ಸಿಕ್ಕಿತು. ಇಂಥ ಮನ್ನಣೆ ಅಡುಗೆಯ ಮಟ್ಟವನ್ನು ಹೇಳುತ್ತದೆಂಬುದು ನಿಜ, ಆದರೆ ಅದು ಬಂದ ಮೇಲೆ ಸಾಲು ಎಷ್ಟು ಉದ್ದವಾಗುತ್ತದೆಂದರೆ ಬಡಾವಣೆಯವರೇ ಆ ಕಡೆ ಹೋಗುವುದನ್ನು ಕಡಿಮೆ ಮಾಡುತ್ತಾರೆ. ಒಂದು ಬಡಾವಣೆಯ ರುಚಿಯನ್ನು ಅರಿಯಬೇಕಾದವರಿಗೆ, ಪ್ರಶಸ್ತಿಯಿಲ್ಲದೆಯೂ ಮಧ್ಯಾಹ್ನ ವಿದ್ಯಾರ್ಥಿಗಳೂ ಸಂಜೆ ಕಚೇರಿಯಿಂದ ಮರಳುವವರೂ ತುಂಬಿಕೊಳ್ಳುವ ಅಂಗಡಿಯೇ ಹೆಚ್ಚು ನಂಬಿಕೆಯ ಗುರುತು.

ನಡೆದು ನೋಡಿ

ಐದಾರು ಹೆಸರುಗಳನ್ನು ಗುರುತು ಹಾಕಿಕೊಂಡ ಮೇಲೆ, ತಿನ್ನುವ ಮೊದಲು ಒಮ್ಮೆ ಬೀದಿಯನ್ನು ನಡೆದು ನೋಡುವುದು ಅಗತ್ಯ. ನಿಲ್ದಾಣದಿಂದ ವಿಶ್ವವಿದ್ಯಾಲಯದ ಕಡೆಗೆ ಹೋಗುವ ವಾಸೆದಾ ಬೀದಿಯನ್ನು ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ನಡೆಯಬಹುದು. ಅದು ಮೇಜಿ ಬೀದಿಯನ್ನು ದಾಟುವ ಕೂಡುರಸ್ತೆಯ ಅಕ್ಕಪಕ್ಕವನ್ನೂ ನಿಲ್ದಾಣದ ಪಶ್ಚಿಮಕ್ಕಿರುವ ಕಿರಿದಾದ ಸಕಾಎ ಬೀದಿಯನ್ನೂ ಬಿಡಬಾರದು.

ನಡೆಯುವಾಗ ಅಂಗಡಿಯ ಹೊರಗೆ ಪೇರಿಸಿಟ್ಟ ಮರದ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಗಮನಿಸಿ. ಅವುಗಳ ಮೇಲೆ ನೂಡಲ್ಸ್ ಪೂರೈಸುವ ತಯಾರಕರ ಹೆಸರು ಇರುತ್ತದೆ. ಒಂದೇ ತಯಾರಕರ ಪೆಟ್ಟಿಗೆ ಒಳ್ಳೆಯ ಅಂಗಡಿಗಳ ಮುಂದೆ ಮತ್ತೆ ಮತ್ತೆ ಕಂಡರೆ ಆ ಹೆಸರು ನಿಮಗೆ ದಾರಿ ತೋರಿಸಲು ಶುರುಮಾಡುತ್ತದೆ. ‘ಜಿಕಾಸೇಮೆನ್’ ಎಂಬ ಫಲಕವಿದ್ದರೆ ಅಂಗಡಿಯವರೇ ನೂಡಲ್ಸ್ ತಯಾರಿಸುತ್ತಾರೆಂದು ಅರ್ಥ. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಶೋಯು, ಶಿಯೊ, ಮಿಸೊ, ತೊಂಕೊತ್ಸು ಎಲ್ಲವೂ ಇದೆ ಎನ್ನುವ ಅಂಗಡಿಯಲ್ಲಿ ಯಾವುದಾದರೂ ಒಂದಕ್ಕೆ ಇಡೀ ದಿನ ಕೊಟ್ಟಿರುವ ಸಂಭವ ಕಡಿಮೆ. ‘ಸೂಪು ಮುಗಿದರೆ ಅಂಗಡಿ ಮುಚ್ಚುತ್ತದೆ’ ಎಂಬ ಬರಹ ಕಂಡರೆ ಸಂತೋಷಪಡಬೇಕು: ಅಂದಿನ ಸೂಪನ್ನು ಅಂದೇ ಮಾಡಿ, ಸಾಲದೆ ಬಂದಾಗ ನೀರು ಬೆರೆಸಿ ಹಿಗ್ಗಿಸದವರು ಹಾಗೆ ಬರೆಯುತ್ತಾರೆ.

ಸಾಲಿನ ಉದ್ದವನ್ನು ಕಂಡು ಹೆದರುವ ಮೊದಲು ಒಳಗಿನ ಆಸನಗಳನ್ನು ಎಣಿಸಿ. ಕೌಂಟರಿನಲ್ಲಿ ಎಂಟು ಆಸನಗಳಿದ್ದು ಒಬ್ಬೊಬ್ಬರು ಕಾಲು ಗಂಟೆ ಕುಳಿತರೆ, ಹೊರಗಿನ ಎಂಟು ಜನರ ಸಾಲು ಸುಮಾರು ಕಾಲು ಗಂಟೆಯಲ್ಲಿ ಒಳಗೆ ಹೋಗುತ್ತದೆ. ವಿಶ್ವವಿದ್ಯಾಲಯದ ಬಡಾವಣೆಯಾದ್ದರಿಂದ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಹೋಗದಿರುವುದು ಒಳ್ಳೆಯದು. ಹನ್ನೊಂದಕ್ಕೆ ಬಾಗಿಲು ತೆರೆಯುವಾಗ ಅಥವಾ ಎರಡರ ಹೊತ್ತಿಗೆ ಹೋಗಿ. ಅನೇಕ ಅಂಗಡಿಗಳು ಮೂರರಿಂದ ಸಂಜೆಯವರೆಗೆ ಮುಚ್ಚಿರುತ್ತವೆ, ವಾರಕ್ಕೊಂದು ರಜೆಯೂ ಇರುತ್ತದೆ.

ಟಿಕೆಟ್ ಯಂತ್ರದ ಮುಂದೆ

ಬೆಂಗಳೂರಿನ ದರ್ಶಿನಿಯಲ್ಲಿ ಮೊದಲು ಹಣ ಕೊಟ್ಟು ಟೋಕನ್ ಪಡೆದು ಆಮೇಲೆ ಕೌಂಟರಿಗೆ ಹೋಗಿ ಅಭ್ಯಾಸವಿರುವವರಿಗೆ ಇದು ಕಷ್ಟವಾಗದು. ಬಾಗಿಲ ಬಳಿಯ ಯಂತ್ರಕ್ಕೆ ಹಣ ಹಾಕಿ, ಗುಂಡಿ ಒತ್ತಿ, ಬಂದ ಚೀಟಿಯನ್ನು ಕೌಂಟರಿನ ಮೇಲಿಡಬೇಕು. ಏನೂ ಓದಲು ಬಾರದಿದ್ದರೆ ಎಡತುದಿಯ ಮೇಲಿನ ಗುಂಡಿಯನ್ನು ಒತ್ತಿ. ಅಂಗಡಿಯವರು ತಮ್ಮ ಹೆಸರು ನಿಂತಿರುವ ಬಟ್ಟಲನ್ನು ಸಾಮಾನ್ಯವಾಗಿ ಅಲ್ಲಿಯೇ ಇಡುತ್ತಾರೆ. ಬಟ್ಟಲೊಂದಕ್ಕೆ ಈಗ 1000 ಯೆನ್ ಆಸುಪಾಸು ಬೆಲೆಯಿದೆ. ಕೈಯಲ್ಲಿ 1000 ಯೆನ್‌ನ ನೋಟುಗಳು ಇರಲಿ, ದೊಡ್ಡ ನೋಟು ತೆಗೆದುಕೊಳ್ಳದ ಯಂತ್ರಗಳಿವೆ. 2024ರ ಜುಲೈ 3ರಂದು ಜಪಾನಿನಲ್ಲಿ ಹೊಸ ನೋಟುಗಳು ಬಂದಾಗ ಹಳೆಯ ಯಂತ್ರಗಳನ್ನು ಬದಲಾಯಿಸುವ ಖರ್ಚು ಸಣ್ಣ ಅಂಗಡಿಗಳಿಗೆ ಹೊರೆಯಾಯಿತು. ಆದ್ದರಿಂದ ಹಳೆಯ ನೋಟು ಒಂದೆರಡು ಇಟ್ಟುಕೊಂಡರೆ ತೊಂದರೆ ತಪ್ಪುತ್ತದೆ. ಕೆಲವೆಡೆ ಸಾಲಿಗೆ ಸೇರುವ ಮೊದಲೇ ಚೀಟಿ ಕೊಳ್ಳಬೇಕು, ಕೆಲವೆಡೆ ಸರದಿ ಬಂದ ಮೇಲೆ. ಮುಂದೆ ನಿಂತವರ ಕೈಯಲ್ಲಿ ಚೀಟಿ ಇದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಬಟ್ಟಲು ಮುಂದೆ ಬಂದಾಗ

ಫೋಟೊ ತೆಗೆಯುವುದಾದರೆ ಒಂದೇ ತೆಗೆದು ಚಾಪ್‌ಸ್ಟಿಕ್ ಹಿಡಿಯಿರಿ, ಏಕೆಂದರೆ ನೂಡಲ್ಸ್ ಬಿಸಿ ಸೂಪಿನಲ್ಲಿ ನಿಮಿಷ ನಿಮಿಷಕ್ಕೂ ಮೆತ್ತಗಾಗುತ್ತಿರುತ್ತದೆ. ಮೊದಲು ಏನನ್ನೂ ಕಲಸದೆ ಎರಡು ಚಮಚ ಸೂಪು ಕುಡಿಯಿರಿ. ಮೊದಲ ಚಮಚದಲ್ಲಿ ಎಣ್ಣೆಯ ಪರಿಮಳ ಮತ್ತು ಉಪ್ಪು ಗೊತ್ತಾಗುತ್ತದೆ, ಎರಡನೆಯದರಲ್ಲಿ ಅದರ ಕೆಳಗಿರುವ ಮೂಳೆಯ ಅಥವಾ ಮೀನಿನ ರುಚಿ. ಬಳಿಕ ನೂಡಲ್ಸನ್ನು ಸದ್ದು ಮಾಡುತ್ತಲೇ ಹೀರಿ. ಅದು ಅಲ್ಲಿ ಅಸಭ್ಯವಲ್ಲ. ಗಾಳಿಯೊಂದಿಗೆ ಹೀರಿದಾಗ ಪರಿಮಳ ಮೂಗಿಗೆ ಚೆನ್ನಾಗಿ ಏರುತ್ತದೆ, ಬಾಯಿಯೂ ಸುಡುವುದಿಲ್ಲ. ಮೆಣಸಿನಪುಡಿ, ಬೆಳ್ಳುಳ್ಳಿ, ವಿನೆಗರ್ ಮುಂತಾದವನ್ನು ಅರ್ಧ ತಿಂದಾದ ಮೇಲೆ ಮಾತ್ರ ಮುಟ್ಟಿ. ಕೊನೆಯಲ್ಲಿ, ಸೂಪು ಸ್ವಲ್ಪ ಆರಿದ ಮೇಲೆ, ಮತ್ತೊಂದು ಚಮಚ ಕುಡಿಯಿರಿ. ಬಿಸಿಯಲ್ಲಿ ಅಡಗಿದ್ದ ಅತಿ ಉಪ್ಪೂ ಮೂಳೆಯ ಕೆಟ್ಟ ವಾಸನೆಯೂ ಆಗ ಹೊರಬರುತ್ತವೆ, ಹಾಗೆಯೇ ಒಳ್ಳೆಯ ಸೂಪಿನ ಸಿಹಿಯೂ ಆಗಲೇ ತೋರುತ್ತದೆ. ಅಂಗಡಿಗಳನ್ನು ಒಂದರೊಂದಿಗೊಂದು ಹೋಲಿಸಲು ನಾನು ಹೆಚ್ಚು ನೆಚ್ಚುವುದು ಈ ಕೊನೆಯ ಚಮಚವನ್ನೇ. ತಿಂದಾದ ಮೇಲೆ ಬಟ್ಟಲನ್ನು ಕೌಂಟರಿನ ಎತ್ತರದ ಅಂಚಿನ ಮೇಲಿಟ್ಟು, ಕಾಯುತ್ತಿರುವವರಿಗೆ ಜಾಗ ಬಿಟ್ಟುಕೊಡಬೇಕು.

ಹೊರಗೆ ಬಂದ ಕೂಡಲೇ ದಿನಾಂಕ, ಹೊತ್ತು, ಒತ್ತಿದ ಗುಂಡಿ, ಸೂಪಿನ ಮೊದಲ ಮತ್ತು ಕೊನೆಯ ಚಮಚ, ನೂಡಲ್ಸಿನ ಗಟ್ಟಿತನ ಇಷ್ಟನ್ನು ಬರೆದಿಟ್ಟುಕೊಳ್ಳಿ. ದಿನಕ್ಕೆ ಒಂದೇ ಅಂಗಡಿ ಸಾಕು, ಎರಡನೆಯ ಬಟ್ಟಲನ್ನು ತುಂಬಿದ ಹೊಟ್ಟೆ ಸರಿಯಾಗಿ ಅಳೆಯಲಾರದು. ಐದಾರು ಬಟ್ಟಲುಗಳಾದ ಮೇಲೆ ಟಿಪ್ಪಣಿಗಳನ್ನು ಓದಿ, ಮನಸ್ಸಿನಲ್ಲಿ ಉಳಿದ ಎರಡು ಅಂಗಡಿಗಳಿಗೆ ಬೇರೆ ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ, ಮೊದಲು ತಿಂದ ಬಟ್ಟಲನ್ನೇ ಮತ್ತೆ ಕೇಳಿ. ಮೂಳೆಯ ಸೂಪು ಬೆಳಗಿನ ಮೊದಲ ಬಟ್ಟಲಿನಲ್ಲಿ ಒಂದು ರೀತಿ, ರಾತ್ರಿಯ ಕೊನೆಯ ಬಟ್ಟಲಿನಲ್ಲಿ ಇನ್ನೊಂದು ರೀತಿ ಇರುವುದುಂಟು. ಎರಡೂ ಹೊತ್ತಿನಲ್ಲಿ ಕೊನೆಯ ಚಮಚ ಹಿಡಿಸಿದ ಅಂಗಡಿಯ ಹೆಸರಿನ ಕೆಳಗೆ ಗೆರೆ ಎಳೆದು, ಮುಂದಿನ ಸಲ ಎಡತುದಿಯ ಪಕ್ಕದ ಎರಡನೆಯ ಗುಂಡಿಯನ್ನು ಒತ್ತಬಹುದು.