ಕಾಡು ಬಿಟ್ಟುಕೊಡುವ ಕಡತ ಓದುವುದು ಹೇಗೆ?

ಯಾವುದೋ ಯೋಜನೆಗೆ ಕಾಡು ಹೋಗುತ್ತದೆ ಅಂತ ಸುದ್ದಿ ಬಂದರೆ ಸಾಕು, ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮರದ ಲೆಕ್ಕ ಶುರುವಾಗುತ್ತದೆ. ಸಂಡೂರಿನ ದೇವದಾರಿ ಗಣಿಯ ವಿಷಯದಲ್ಲೂ 99 ಸಾವಿರ ಮರ ಎಂಬ ಮಾತೇ ಎಲ್ಲೆಡೆ ಓಡಾಡಿತು. ಬರೀ ಲೆಕ್ಕ ಹಿಡಿದು ಬರೆದ ಆಕ್ಷೇಪಣೆಗೆ ‘ಬದಲಿಗೆ ಬೇರೆ ಕಡೆ ನೆಡುತ್ತೇವೆ’ ಎಂಬ ಉತ್ತರ ಸಿದ್ಧವಿರುತ್ತದೆ. ಅಲ್ಲಿಗೆ ಮುಗಿಯಿತು. ಹಾಗಾಗಬಾರದು ಅಂದರೆ ಆ ಕಾಡು ಕೇಳಿ ಹಾಕಿದ ಅರ್ಜಿಯ ಕಡತ ಓದಬೇಕು.

ಹಂತ 1: ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಯೋಜನೆ ಹುಡುಕಿ, ಪ್ರಸ್ತಾವದ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಬೇಡ.

ಹಂತ 2: ಮೂರು ಫೈಲ್ ಇಳಿಸಿಕೊಳ್ಳಿ. ಭಾಗ 1 ಯೋಜನೆಯವರು ತುಂಬಿದ್ದು. ಭಾಗ 2 ಅರಣ್ಯ ಇಲಾಖೆಯ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ತುಂಬಿದ್ದು. ಮೂರನೆಯದು ಕೆಎಂಎಲ್ ನಕ್ಷೆ, ಅಂದರೆ ಕೇಳಿದ ಜಾಗದ ಗಡಿ ಗೆರೆ ಇರುವ ಫೈಲ್. ಎಐಗೆ ಕೊಟ್ಟು ಸಾರಾಂಶ ಕೇಳುವ ಚಾಳಿ ಮಾತ್ರ ಬೇಡ. ಮಬ್ಬು ಸ್ಕ್ಯಾನ್‌ನಲ್ಲಿ ಒಂದು ಚುಕ್ಕೆ ತಪ್ಪಿ ಓದಿದರೂ ಎಲ್ಲ ಕೆಟ್ಟಿತು. ಯಾವ ಚುಕ್ಕೆ ಅಂತೀರಾ? ಮುಂದಿನ ಹಂತದಲ್ಲಿ ಬರುವ ದಶಾಂಶದ ಚುಕ್ಕೆ.

ಹಂತ 3: ಜಾಸ್ತಿ ಜನ ಎಡವುವುದು ಇಲ್ಲೇ. ಭಾಗ 2ರಲ್ಲಿ ಕಾಡಿನ ಸಾಂದ್ರತೆ 0.4 ಅಂತ ಇರುತ್ತದೆ. ‘ಓ, ಅರ್ಧವೂ ಇಲ್ಲ, ಕುರುಚಲು’ ಅಂತ ಮುಂದೆ ಹೋಗಿಬಿಡುತ್ತಾರೆ. 0.4 ಅಂದರೆ ಮೇಲಿಂದ ನೋಡಿದಾಗ ನೂರರಲ್ಲಿ 40 ಭಾಗ ನೆಲವನ್ನು ಮರದ ತಲೆಗಳೇ ಮುಚ್ಚಿವೆ ಅಂತ. ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ 10ರಿಂದ 40 ತೆರೆದ ಕಾಡು, 40ರಿಂದ 70 ಮಧ್ಯಮ ದಟ್ಟ, 70 ದಾಟಿದರೆ ಅತಿ ದಟ್ಟ. ಅಂದರೆ 0.4ಕ್ಕೂ 0.3ಕ್ಕೂ ನಡುವೆ ಕಾಡಿನ ದರ್ಜೆಯೇ ಬದಲಾಗುತ್ತದೆ.

ಆ ಅಂಕಿ ನಿಜವೇ ಅಂತ ನೋಡಲು ಕೆಎಂಎಲ್ ಅನ್ನು ಗೂಗಲ್ ಅರ್ತ್ ಪ್ರೋದಲ್ಲಿ ತೆರೆಯಿರಿ. ಹಳೆಯ ಚಿತ್ರಗಳ ಪಟ್ಟಿ ಎಳೆದು ವರ್ಷ ವರ್ಷದ ಚಿತ್ರ ನೋಡಿ. ಒಂದು ಎಚ್ಚರಿಕೆ: ಮಾರ್ಚ್, ಏಪ್ರಿಲ್ ಚಿತ್ರ ನಂಬಬೇಡಿ. ಬಳ್ಳಾರಿ ಕಡೆಯ ಎಲೆ ಉದುರುವ ಕಾಡು ಆಗ ಬರೀ ಕಂದು, ನೋಡಿದವರು ಬಂಜರು ಅನ್ನುತ್ತಾರೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಮೋಡ. ನವೆಂಬರ್, ಡಿಸೆಂಬರ್ ಚಿತ್ರವೇ ಒಳ್ಳೆಯದು. ಹೋಲಿಸುವಾಗಲೂ ಒಂದೇ ತಿಂಗಳ ಚಿತ್ರಗಳನ್ನೇ ಪಕ್ಕಪಕ್ಕ ಇಡಿ.

ಕಾಡಿನ ನಷ್ಟವನ್ನು ಗುಲಾಬಿ ಬಣ್ಣದಲ್ಲಿ ತೋರಿಸುವ ಗ್ಲೋಬಲ್ ಫಾರೆಸ್ಟ್ ವಾಚ್ ನಕ್ಷೆಯ ಸ್ಕ್ರೀನ್‌ಶಾಟ್ ಅಂಟಿಸಿ ಸುಮ್ನೆ ಕಳಿಸುವವರಿದ್ದಾರೆ. ಅದು ಅಕೇಶಿಯಾ, ನೀಲಗಿರಿ ನೆಡುತೋಪು ಕಟಾವಾದರೂ ನಷ್ಟ ಅಂತಲೇ ತೋರಿಸುತ್ತದೆ. ಸುಳಿವಿಗೆ ಸರಿ, ಸಾಕ್ಷಿಗೆ ಅಲ್ಲ. ದುಡ್ಡು ಕೊಟ್ಟು ‘ಉಪಗ್ರಹ ವರದಿ’ ತರಿಸುವುದಂತೂ ದಂಡ.

ಕೆಎಂಎಲ್ ಗೆರೆಯ ಹೊರಗೂ ಕಣ್ಣಾಡಿಸಿ. ಗಣಿ ಗೆರೆಯೊಳಗಿದೆ ಸರಿ, ಅಲ್ಲಿಗೆ ಹೋಗುವ ರಸ್ತೆ ಎಲ್ಲಿ? ಮಣ್ಣು ಸುರಿಯುವ ಜಾಗ? ವಿದ್ಯುತ್ ತಂತಿ? ಇವು ಬೇರೆ ಅರ್ಜಿಯಾಗಿ ಆಮೇಲೆ ಬಂದರೆ ಕೇಳಿದ ಕಾಡು ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಬದಲಿ ಅರಣ್ಯಕ್ಕೆ ತೋರಿಸಿದ ಜಾಗದ ನಕ್ಷೆಯನ್ನೂ ಇದೇ ರೀತಿ ತೆರೆಯಿರಿ. ಅಲ್ಲಿ ಆಗಲೇ ಮರ ತುಂಬಿದ್ದರೆ ಹೊಸದಾಗಿ ನೆಡುವುದೇನು? ‘ಬೇರೆ ಕಡೆ ನೆಡುತ್ತೇವೆ’ ಅನ್ನುವವರಿಗೆ ಕೇಳಬೇಕಾದ ಪ್ರಶ್ನೆ ಇದೇ.

ಹಂತ 4: ಜಾಲತಾಣದಲ್ಲಿ ಸಿಗದ್ದಕ್ಕೆ ಆರ್‌ಟಿಐ ಹಾಕಿ. ಡಿಸಿಎಫ್ ಸ್ಥಳ ಪರಿಶೀಲನೆ ವರದಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ನಿರ್ಣಯ, ಎರಡೂ ಕೇಳಿ. ಆದರೆ ಬೇರೆ ಬೇರೆ ಅರ್ಜಿಯಲ್ಲಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಹಂತ 5: ಒಂದೇ ಪುಟದ ಆಕ್ಷೇಪಣೆ ಬರೆಯಿರಿ. ಪ್ರಸ್ತಾವದ ಸಂಖ್ಯೆ, ಭಾಗ 2ರಲ್ಲಿ ಏನಿದೆ, ಯಾವ ತಾರೀಖಿನ ಚಿತ್ರದಲ್ಲಿ ಏನು ಕಾಣುತ್ತದೆ, ಅಷ್ಟೇ. ಭೂಮಿತಾಯಿ, ಮಕ್ಕಳ ಭವಿಷ್ಯ ಎಲ್ಲ ಬಿಡಿ. ಕೇಂದ್ರದ ಮೊದಲ ಹಂತದ ತಾತ್ವಿಕ ಒಪ್ಪಿಗೆ ಬರುವ ಮೊದಲೇ ಕೊಡಬೇಕು. ಆಮೇಲೆ ಮಾತೆಲ್ಲ ಷರತ್ತುಗಳದ್ದೇ. ಒಂದು ಪ್ರತಿ ಮಲ್ಲೇಶ್ವರದ ಅರಣ್ಯ ಭವನದಲ್ಲಿರುವ, ಇಂಥ ಅರ್ಜಿಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ, ಇನ್ನೊಂದು ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಸಚಿವಾಲಯದ ಪ್ರಾದೇಶಿಕ ಕಚೇರಿಗೆ. ಇಮೇಲ್ ಕಳಿಸಿದರೂ ಕಾಗದದ ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ತಾರೀಖಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.