ಕಬಡ್ಡಿಯ ಕಾರ್ನರ್‌ನಿಂದ ಭಾರತದ ರಗ್ಬಿ ತಂಡಕ್ಕೆ: ನನ್ನ ಅನುಭವ

ಮಂಡ್ಯದ ಹಳ್ಳಿಯೊಂದರಿಂದ ಭಾರತದ ಮಹಿಳಾ ರಗ್ಬಿ ತಂಡದವರೆಗೆ ಹೋದದ್ದು ಹೇಗೆಂದು ಕೇಳುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಕಬಡ್ಡಿಯ ವಿಷಯವನ್ನೇ. ಕಾಲೇಜು ತಂಡದಲ್ಲಿ ನಾನು ಎಡ ಕಾರ್ನರ್‌ನಲ್ಲಿ, ಅಂದರೆ ಹಿಡಿಯುವವರ ಸಾಲಿನ ಎಡ ತುದಿಯಲ್ಲಿ, ನಿಲ್ಲುತ್ತಿದ್ದೆ. ರೈಡ್‌ಗೆ ಬಂದವಳ ಸೊಂಟದ ಚಲನೆಯಿಂದಲೇ ಅವಳು ಯಾವ ಕಡೆ ತಿರುಗುತ್ತಾಳೆಂದು ಅಂದಾಜು ಮಾಡುವುದು, ಬಗ್ಗಿ ಕಾಲಿಗೆ ಕೈ ಹಾಕುವುದು, ಬೀಳಲು ಹೆದರದಿರುವುದು, ಇವೆಲ್ಲವೂ ರಗ್ಬಿಗೆ ನೇರವಾಗಿ ಒದಗಿದವು.

ಒದಗದೆ ಹೋದದ್ದು ಹಿಡಿತ. ಕಬಡ್ಡಿಯಲ್ಲಿ ಹಿಡಿದವಳು ಬಿಡಬಾರದು. ರಗ್ಬಿಯಲ್ಲಿ ಚೆಂಡು ಹಿಡಿದವಳನ್ನು ನೆಲಕ್ಕೆ ಕೆಡವಿದ ಕೂಡಲೇ ಕೈಬಿಟ್ಟು ಪಕ್ಕಕ್ಕೆ ಉರುಳದಿದ್ದರೆ ಎದುರಾಳಿಗೆ ಪೆನಾಲ್ಟಿ ಸಿಗುತ್ತದೆ. ಕಬಡ್ಡಿಯಲ್ಲಿ ಮೈಯಿಂದ ಗುದ್ದಿ ಹೊರಗೆ ತಳ್ಳುವ ಡ್ಯಾಶ್ ಕೂಡ ಇಲ್ಲಿ ನಡೆಯುವುದಿಲ್ಲ: ತೋಳು ಸುತ್ತದೆ ಬರೀ ಭುಜದಿಂದ ಗುದ್ದಿದರೂ, ಭುಜಕ್ಕಿಂತ ಮೇಲೆ ಹಿಡಿದರೂ ಫೌಲ್. ಎಲ್ಲಕ್ಕಿಂತ ಮುಖ್ಯವಾದದ್ದು ತಲೆ ಇಡುವ ಜಾಗ. ನಮ್ಮ ತಲೆ ಅವಳ ಓಟದ ದಾರಿಗೆ ಅಡ್ಡ ಬಾರದೆ ಹಿಂಬದಿಯಲ್ಲಿ ಉಳಿಯಬೇಕು, ಕೆನ್ನೆ ಅವಳ ಸೊಂಟದ ಕೆಳಗೆ ಒತ್ತಿಕೊಂಡಿರಬೇಕು. ಬೇಸಿಗೆಯಲ್ಲಿ ನಮ್ಮ ಮೈದಾನ ಕಲ್ಲಿನಷ್ಟು ಗಟ್ಟಿಯಾಗುತ್ತಿದ್ದುದರಿಂದ ಕಬಡ್ಡಿ ಮ್ಯಾಟ್ ಹಾಸಿ, ಮೊದಲು ಮೊಣಕಾಲೂರಿ, ಆಮೇಲೆ ನಡೆಯುತ್ತಾ, ಕೊನೆಗೆ ಓಡುತ್ತಾ ಇದೊಂದನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆವು.

ಮನೆಯಲ್ಲಿ ಅವ್ವನ ಚಿಂತೆ ಬೇರೆಯೇ ಆಗಿತ್ತು: "ಹಲ್ಲುಗಿಲ್ಲು ಮುರ್ಕೊಂಡ್ ಬಂದ್ರೆ ಮುಂದೇನವ್ವ ಗತಿ?" ಮೌತ್‌ಗಾರ್ಡನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಅವರ ಎದುರಿಗೇ ಕಚ್ಚಿ ಹಲ್ಲಿನ ಅಚ್ಚು ಕೂರಿಸಿ ತೋರಿಸಿದ ಮೇಲೆ ಆ ಮಾತು ನಿಂತಿತು.

ದೇಹದ ತಯಾರಿಗೆ ಎಲ್ಲರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತು ಎನ್ನುತ್ತಿದ್ದರು. ಹತ್ತಿದರೆ ಪುಣ್ಯ ಬಂದೀತು, ದಮ್ಮೂ ಬಂದೀತು, ಆದರೆ ನಾನು ಆಡುವ ಸೆವೆನ್ಸ್, ಅಂದರೆ ಏಳು ಜನರ ರಗ್ಬಿ, ಕೇಳುವ ವೇಗ ಅದರಿಂದ ಬರುವುದಿಲ್ಲ. ಏಳು ನಿಮಿಷದ ಎರಡು ಅವಧಿ, ನಡುವೆ ಎರಡೇ ನಿಮಿಷ ಬಿಡುವು, ನೂರು ಮೀಟರ್ ಉದ್ದದ ಮೈದಾನಕ್ಕೆ ಏಳೇ ಆಟಗಾರ್ತಿಯರು. ಅದೂ ಒಂದೇ ದಿನದಲ್ಲಿ ಎರಡು ಮೂರು ಪಂದ್ಯಗಳು. ಆದ್ದರಿಂದ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಅರೆಬರೆ ಉಸಿರಿನಲ್ಲೇ ಮತ್ತೆ ಮತ್ತೆ ಓಡುವ ಗಿಡ್ಡ ಸ್ಪ್ರಿಂಟ್‌ಗಳನ್ನೇ ನೆಚ್ಚಿಕೊಂಡೆ.

ರಾಜ್ಯ ತಂಡ, ರಾಷ್ಟ್ರೀಯ ಕೂಟ, ಶಿಬಿರ, ಹೀಗೆ ದಾರಿ ಎಲ್ಲರಿಗೂ ಒಂದೇ. ಶಾಲೆಯಿಂದಲೇ ರಗ್ಬಿ ಆಡಿಕೊಂಡು ಬಂದ ಒಡಿಶಾದ ಹುಡುಗಿಯರ ಪಾಸ್ ನೋಡಿದಾಗ, ನನಗೆ ಜಾಗವಿರುವುದು ಚೆಂಡು ಹಿಡಿದವಳನ್ನು ಕೆಡವುವ ಟ್ಯಾಕಲ್‌ನಿಂದ ಮಾತ್ರ ಎಂಬುದು ಶಿಬಿರದ ಮೊದಲ ವಾರವೇ ಸ್ಪಷ್ಟವಾಯಿತು. ಈ ಆಟದ ಸಂಪಾದನೆಯಿಂದಲೇ ಬದುಕು ನಡೆಸಲಾಗುವುದಿಲ್ಲವಾದ್ದರಿಂದ ಬಿ.ಪಿ.ಇಡಿ. ಮುಗಿಸಿ ದೈಹಿಕ ಶಿಕ್ಷಕಿಯಾದೆ. ರಜೆಗಾಗಿ ನಡೆಸಿದ ಓಡಾಟ ಮಾತ್ರ ಯಾವ ಸ್ಪ್ರಿಂಟ್‌ಗೂ ಕಡಿಮೆಯಿರಲಿಲ್ಲ.

ಹದಿನೈದು ಜನರ ರಗ್ಬಿಯಲ್ಲಿ ಭಾರತದ ಮಹಿಳೆಯರು 2018ರಲ್ಲಿ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿ, 2019ರಲ್ಲಿ ಮನಿಲಾದಲ್ಲಿ ಸಿಂಗಪುರವನ್ನು 21-19ರಿಂದ ಸೋಲಿಸಿ ಮೊದಲ ಗೆಲುವು ಪಡೆದರು. ನಾನು ಆ ತಂಡದಲ್ಲಿರಲಿಲ್ಲ, ನನ್ನ ಮೈಕಟ್ಟು ಸೆವೆನ್ಸ್‌ಗೇ ಸರಿ. ಆದರೆ ಕಬಡ್ಡಿಯ ಕವರ್‌ನಲ್ಲಿ, ಅಂದರೆ ಹಿಡಿಯುವವರ ಸಾಲಿನ ನಡುಭಾಗದಲ್ಲಿ, ಕೈಗೆ ಕೈ ಜೋಡಿಸಿ ಸರಪಳಿ ಕಟ್ಟುವ ನಮ್ಮ ಕಡೆಯ ದೃಢಕಾಯದ ಹುಡುಗಿಯರು, ಓಟ ಸಾಲದೆಂದು ಸೆವೆನ್ಸ್‌ನಲ್ಲಿ ಆಯ್ಕೆಯಾಗದಿದ್ದರೆ ಕಬಡ್ಡಿಗೆ ಮರಳುವ ಬದಲು, ಹದಿನೈದರ ತಂಡದಲ್ಲಿ ಸ್ಕ್ರಮ್‌ನ, ಅಂದರೆ ಎರಡೂ ತಂಡದವರು ಬಗ್ಗಿ ಭುಜ ಕೊಟ್ಟು ತಳ್ಳಾಡುವ ಗುಂಪಿನ, ಮುಂದಿನ ಸಾಲಿಗೆ ಪ್ರಯತ್ನಿಸಬೇಕೆಂದು ನಾನು ಹೇಳುತ್ತೇನೆ.