ಕೆಂಪು ಮಣ್ಣು ಗಾಳಿಸಿ ಹರಳು ಹುಡುಕಿದ್ದು

ಮಹಾಬಳೇಶ್ವರದಿಂದ ಪೋಲಾದ್‌ಪುರಕ್ಕೆ ಇಳಿಯುವ ಆಂಬೇನಳಿ ಘಾಟಿನಲ್ಲಿ ರಸ್ತೆಗೆಂದು ಕಡಿದ ಗುಡ್ಡದ ಮೈ ನೋಡಬೇಕು. ಕರಿಗಲ್ಲಿನ ಪದರದ ಮೇಲೆ ಪದರ, ಎಲ್ಲವೂ ಹರಿದು ಹೆಪ್ಪುಗಟ್ಟಿದ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರುಗಳು ಅಳಿದವಲ್ಲ, ಇದು ಆ ಆಸುಪಾಸಿನದು. ಆ ಅಳಿವಿಗೆ ಕಾರಣವೆನ್ನುವ ಕ್ಷುದ್ರಗ್ರಹ ಮೆಕ್ಸಿಕೋದಲ್ಲಿ ಬಡಿಯುವುದಕ್ಕಿಂತ ಎಷ್ಟು ಮೊದಲು ಇಲ್ಲಿ ಬೆಂಕಿ ಹರಿಯತೊಡಗಿತ್ತು? ಪುಣೆಯಿಂದ ನಾನು ಮತ್ತೆಮತ್ತೆ ಅಲ್ಲಿಗೆ ಹೋದದ್ದು ಈ ಪ್ರಶ್ನೆ ಹಿಡಿದುಕೊಂಡು.

ನನಗೆ ಬೇಕಿದ್ದದ್ದು ಕಲ್ಲಲ್ಲ, ಎರಡು ಪದರಗಳ ನಡುವೆ ಸಿಕ್ಕಿಕೊಂಡ ಇಟ್ಟಿಗೆ ಬಣ್ಣದ ಮಣ್ಣು. ರೆಡ್ ಬೋಲ್ ಅನ್ನುತ್ತೇವೆ. ಲಾವಾ ನಿಂತಿದ್ದ ಬಿಡುವಿನಲ್ಲಿ ಕಲ್ಲು ಸವೆದು ಆದ ಮಣ್ಣು ಅದು. ಕೆಲವು ಕಡೆ ಅದರಲ್ಲಿ ಬೇರೆ ಜ್ವಾಲಾಮುಖಿಯ ಬೂದಿಯೂ, ಬೂದಿಯೊಳಗೆ ಜಿರ್ಕಾನ್ ಎಂಬ ಖನಿಜದ ಹರಳೂ ಇರುತ್ತದೆ. ಹುಟ್ಟುವಾಗ ಈ ಹರಳು ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಸೇರಿಸುವುದಿಲ್ಲ. ಆಮೇಲೆ ಯುರೇನಿಯಂ ನಿಧಾನವಾಗಿ ಕ್ಷಯಿಸಿ ಆದ ಸೀಸವೇ ಅದರ ವಯಸ್ಸಿನ ಲೆಕ್ಕ. 2015ರಲ್ಲಿ ಭೂವಿಜ್ಞಾನಿ ಬ್ಲೇರ್ ಷೋನ್ ಮತ್ತು ಸಂಗಡಿಗರು ಇಂಥ ಹರಳುಗಳಿಂದಲೇ ಮುಖ್ಯ ಲಾವಾ ಹರಿವು ಅಳಿವಿಗಿಂತ ಸುಮಾರು 2.5 ಲಕ್ಷ ವರ್ಷ ಮೊದಲು ಶುರುವಾಯಿತೆಂದು ತೋರಿಸಿದರು.

ಗುದ್ದಲಿಯಿಂದ ಹೊರಗಿನ ಒಂದಡಿ ಕೆರೆದು ಹಾಕಿದೆ. ಮಳೆ ಮೇಲಿನಿಂದ ಇಳಿಸಿದ ಮಣ್ಣು, ಹುಲ್ಲಿನ ಬೇರು ಸೇರಿದರೆ ಮಾದರಿ ಕೆಟ್ಟಂತೆ. ಒಳಗಿನದು ಉಗುರಿಗೆ ಮೆತ್ತಿಕೊಳ್ಳುವಷ್ಟು ನುಣ್ಣಗಿತ್ತು. ಹತ್ತು ಕಿಲೋ ತುಂಬಿಕೊಂಡು ಬಂದೆ.

ಮನೆಯ ಬಚ್ಚಲಲ್ಲಿ ನೆನೆಸಿ, ಕಲಕಿ, ಕೆನ್ನೀರು ಚೆಲ್ಲಿದೆ. ಉಳಿದದ್ದರಲ್ಲಿ ಒಂದು ಜಿರ್ಕಾನೂ ಇರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮುಂದಿನ ಸಲ ಧಾರವಾಡದಿಂದ ಬಂದಿದ್ದ ಅವ್ವ ಬಾಗಿಲಲ್ಲಿ ನಿಂತು ನೋಡಿ, "ಹಂಗ್ಯಾಕ ಒಮ್ಮೆಲೆ ಚೆಲ್ಲತೀಯೋ? ಅಕ್ಕಿ ಗಾಳಿಸಿದಂಗ ಗಾಳಿಸು, ಹರಳು ತಳಕ್ಕ ನಿಲ್ಲತಾವ" ಅಂದಳು.

ತಪ್ಪು ಅದೇ. ಕೂದಲೆಳೆಯಷ್ಟು ಸಣ್ಣ ಹರಳು ತಳ ಸೇರುವ ಮೊದಲೇ ನಾನು ನೀರು ಬಸಿದಿದ್ದೆ. ಅವ್ವ ಕೊಟ್ಟ ಅಗಲ ಪರಾತದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ತೂಗಾಡಿಸಿ, ತಡೆದು ಬಸಿದೆ. ಕೊನೆಗೆ ಕಪ್ಪು ಮರಳು ಒಂದು ಚಮಚ ಉಳಿಯಿತು. ಅಯಸ್ಕಾಂತದಿಂದ ಕಬ್ಬಿಣದ ಕಣ ಎತ್ತಿ, ಮಿಕ್ಕದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟೆ.

ಏಳು ಹರಳು ಸಿಕ್ಕವು. ನಾಲ್ಕರ ಅಂಚು ಉರುಟು. ನೀರಲ್ಲಿ ಉರುಳಿ ಬಂದವಿರಬೇಕು, ನಂಬುವ ಹಾಗಿಲ್ಲ. ಮೂರು ಮಾತ್ರ ಪೆನ್ಸಿಲ್ ಮೊನೆಯಂತೆ ಚೂಪು, ಬೂದಿಯ ಜೊತೆ ನೇರ ಬಿದ್ದವುಗಳಂತೆ. ವಯಸ್ಸು ಅಳೆಯಲು ಆ ಮೂರನ್ನು ಕಳಿಸಿದ್ದೇನೆ. ಮೂರೇ ಸಾಲವು, ಅದಕ್ಕೆ ಮಳೆ ನಿಂತ ಮೇಲೆ ಅದೇ ಪದರಕ್ಕೆ ಮತ್ತೆ ಹೋಗುತ್ತಿದ್ದೇನೆ, ಪರಾತ ಜೊತೆಗಿಟ್ಟುಕೊಂಡು.